ಆಳಂದ ಕಡೆಯ ಗಾಳಿ ಫ್ಯಾನ್‌ಗಳು ಗ್ರಿಡ್ ಕೆಡಿಸುತ್ತವೋ, ಕಾಯುತ್ತವೋ?

ಸುರುಳಿತಂತಿ (ಕಲಬುರಗಿ)

ಎಲ್ಲರಿಗೂ ನಮಸ್ಕಾರ್ರೀ. ಕಲಬುರಗಿಯಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಕಪನೂರ ಇಂಡಸ್ಟ್ರಿಯಲ್ ಏರಿಯಾದ ದಾಲ್ ಮಿಲ್ ಮೋಟಾರು, ಸುತ್ತಲ ಹಳ್ಳಿಗಳ ಬೋರ್‌ವೆಲ್ ಪಂಪು, ಇವೇ ನಮ್ಮ ಅನ್ನ. ಅಪ್ಪನ ಕಾಲದಿಂದ ನಡೆದು ಬಂದಿದೆ.

ಮೊನ್ನೆ ಆಳಂದ ಕಡೆಯ ರೈತರೊಬ್ಬರು ಸುಟ್ಟ ಪಂಪ್ ಮೋಟಾರ್ ತಂದಿಟ್ಟರು. ಏಳೂವರೆ ಎಚ್‌ಪಿ. "ದಿಣ್ಣೆ ಮ್ಯಾಲೆ ಗಾಳಿ ಫ್ಯಾನ್ ಬಂದಾಗಿಂದ ಕರೆಂಟ್ ಕುಣೀತದ, ಅದಕ್ಕೇ ಸುಟ್ಟದ" ಅಂದರು. ಗಾಳಿಯಿಂದ ಕರೆಂಟ್ ಮಾಡುವ ಟರ್ಬೈನ್ ಅವರ ಮಾತಿನಲ್ಲಿ ಗಾಳಿ ಫ್ಯಾನ್. ಗಿರಾಕಿ ಜೊತೆ ವಾದ ಮಾಡಿ ಯಾರು ಗೆದ್ದಿದ್ದಾರೆ? ಹೂಂ ಅಂದೆ. ಅವರು ಹೋದ ಮೇಲೆ ಬಿಚ್ಚಿ ನೋಡಿದರೆ ಎರಡು ಫೇಸಿನ ಸುರುಳಿ ಇದ್ದಿಲಿನ ಹಾಗಿದೆ, ಮೂರನೆಯದು ನಿನ್ನೆ ಸುತ್ತಿದ ತಾಮ್ರದ ಹಾಗೆ ಹೊಳೆಯುತ್ತಿದೆ. ಸ್ಟಾರ್ ಕನೆಕ್ಷನ್ ಮೋಟಾರ್ ಹೀಗೆ ಸುಟ್ಟಿದ್ದರೆ ಅರ್ಥ ಒಂದೇ. ಎಲ್ಲೋ ಒಂದು ಫೇಸ್ ಹೋಗಿದೆ, ಮೋಟಾರ್ ಉಳಿದೆರಡರ ಮೇಲೆ ಒದ್ದಾಡಿ ಸತ್ತಿದೆ. ಇದರಲ್ಲಿ ಫ್ಯಾನಿನ ತಪ್ಪು ಏನೂ ಇಲ್ಲ.

ಅದು ಅಲ್ಲಿಗೆ ಮುಗಿಯಿತು. ಆದರೆ ಡಿಪ್ಲೊಮಾ ಓದುವ ನನ್ನ ಅಕ್ಕನ ಮಗ ಪಕ್ಕದಲ್ಲೇ ಕೂತಿದ್ದ. "ಮಾಮಾ, ಇನ್ನು ಮುಂದೆ ಗ್ರಿಡ್ ಹಿಡಿದು ನಿಲ್ಲಿಸೋದೇ ಈ ಫ್ಯಾನ್‌ಗಳು" ಅಂದ. ನನಗೆ ನಗು ಬಂತು. ತಮಗೆ ತಿರುಗಬೇಕು ಅನಿಸಿದಾಗ ತಿರುಗುವ ವಸ್ತು ಇನ್ನೊಂದನ್ನು ಏನು ಹಿಡಿದು ನಿಲ್ಲಿಸುತ್ತದೆ?

ಗ್ರಿಡ್ ಅಂದರೆ ನನಗೆ ನೆನಪಾಗುವುದು ಒಂದು ಮೀಟರ್. ಹಳೇ ದಾಲ್ ಮಿಲ್ ಪ್ಯಾನೆಲ್‌ಗಳಲ್ಲಿ ಇರುತ್ತಿತ್ತು. ಮುಳ್ಳು ಇಲ್ಲ. ಸಾಲಾಗಿ ಸಣ್ಣ ಉಕ್ಕಿನ ಪಟ್ಟಿಗಳು, ತುದಿಗೆ ಬಿಳಿ ಬಣ್ಣ. ಒಂದೊಂದಕ್ಕೂ ಒಂದೊಂದು ಸಂಖ್ಯೆ: 48.5, 49, 49.5, 50. ಫ್ರೀಕ್ವೆನ್ಸಿ ಅಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಆಗುತ್ತದೆ ಅನ್ನುವ ಲೆಕ್ಕ; ಇರಬೇಕಾದದ್ದು 50 ಹರ್ಟ್ಸ್, ಹೊರೆ ಜಾಸ್ತಿಯಾದರೆ ಇಳಿಯುತ್ತದೆ. ಅದು ಎಷ್ಟಿದೆಯೋ ಆ ಸಂಖ್ಯೆಯ ಪಟ್ಟಿ ಜೇನುನೊಣದ ರೆಕ್ಕೆಯ ಹಾಗೆ ನಡುಗುತ್ತದೆ, ಉಳಿದವು ಸುಮ್ನೆ ನಿಂತಿರುತ್ತವೆ. 90ರ ದಶಕದ ಕೊನೆಯಲ್ಲಿ ಅಪ್ಪನ ಜೊತೆ ಮಿಲ್‌ಗೆ ಹೋದಾಗ ಸಂಜೆ ಹೊತ್ತು 48.5ರ ಪಟ್ಟಿ ನಡುಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅಪ್ಪ ಮೀಟರ್ ನೋಡುವ ಮೊದಲೇ ಮೋಟಾರಿನ ದನಿ ಕೇಳಿ ಹೇಳುತ್ತಿದ್ದರು. 1440 ಸುತ್ತಿನ ಮೋಟಾರ್ ಆಗ 1400ರ ಹತ್ತಿರ ಇಳಿದಿರುತ್ತಿತ್ತು.

ನನ್ನ ಪ್ರಶ್ನೆ ಇಷ್ಟು. ರಾಯಚೂರು ಥರ್ಮಲ್‌ನ ರೋಟರ್ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ಅದರ ತೂಕವೇ ಗ್ರಿಡ್‌ಗೆ ಆಸರೆ ಅಂತಾರೆ. ಇದು ನನಗೆ ಅರ್ಥವಾಗುತ್ತದೆ. ಹಿಟ್ಟಿನ ಗಿರಣಿಯ ಆಯಿಲ್ ಎಂಜಿನ್‌ಗೆ ಆ ದೊಡ್ಡ ಫ್ಲೈವೀಲ್ ಇಲ್ಲದಿದ್ದರೆ ಜೋಳ ಸುರಿದ ಕೂಡಲೇ ಎಂಜಿನ್ ಕೆಮ್ಮಿ ನಿಂತುಬಿಡುತ್ತಿತ್ತು. ಹಾಗಾದರೆ ಗಾಳಿ ಫ್ಯಾನಿನ ಅಷ್ಟುದ್ದ ರೆಕ್ಕೆಯೂ ಫ್ಲೈವೀಲೇ ಅಲ್ವಾ? ಅದಕ್ಕೆ ಮಾತ್ರ ತೂಕ ಇಲ್ಲ ಅಂತ ಯಾಕೆ ಹೇಳುತ್ತಾರೆ?

ಗಾಳಿಗೋಪುರ (ಆಳಂದ)

ಪ್ರಶ್ನೆ ನೋಡಿ ಖುಷಿಯಾಯಿತು ರೀ. ನಾನು ಫ್ಯಾನ್ ರಿಪೇರಿ ಟೆಕ್ನೀಷಿಯನ್. ಮೊದಲು ಚಿತ್ರದುರ್ಗದ ಗುಡ್ಡ, ಆಮೇಲೆ ಗದಗ, ಈಗ ಊರ ಹತ್ತಿರ ಬಂದಿದ್ದೇನೆ. ನಮ್ಮ ಹೆಸರಿಗೆ ತಕ್ಕ ಕೆಲಸ.

ರೆಕ್ಕೆಗೆ ತೂಕ ಇಲ್ಲದೆ ಏನು? ಎರಡು ಮೆಗಾವಾಟ್ ಆಸುಪಾಸಿನ ಫ್ಯಾನಿನ ಒಂದೊಂದು ರೆಕ್ಕೆಯೇ ಹತ್ತು ಟನ್ ತೂಗುತ್ತದೆ. ನಿಮಿಷಕ್ಕೆ 12ರಿಂದ 15 ಸುತ್ತು. ಗೇರ್‌ಬಾಕ್ಸ್ ಅದನ್ನು ಸುಮಾರು ನೂರು ಪಟ್ಟು ಏರಿಸಿ ಜನರೇಟರ್‌ಗೆ ಕೊಡುತ್ತದೆ. ಫ್ಲೈವೀಲ್ ಇದೆ, ಭರ್ಜರಿಯಾಗೇ ಇದೆ. ಆದರೆ ಗ್ರಿಡ್‌ಗೆ ಅದು ಕಾಣುವುದಿಲ್ಲ. ನಡುವೆ ಒಂದು ಪೆಟ್ಟಿಗೆ ಕೂತಿದೆ, ಕನ್ವರ್ಟರ್ ಅಂತ.

ನಿಮಗೆ ಬೇಗ ಅರ್ಥವಾಗುವ ಮಾತು ಹೇಳುತ್ತೇನೆ. ವಿಎಫ್‌ಡಿ (ಮೋಟಾರಿನ ವೇಗ ಏರಿಳಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹಾಕಿದ ಮೋಟಾರ್ ನೋಡಿದ್ದೀರಲ್ಲ? ಗ್ರಿಡ್‌ನಲ್ಲಿ 50 ಇರಲಿ 49 ಇರಲಿ, ಮೋಟಾರ್ ತನ್ನ ಪಾಡಿಗೆ ತಾನು ತಿರುಗುತ್ತದೆ. ಹೊಸ ಫ್ಯಾನ್ ಅಂದರೆ ಅದೇ ವಿಎಫ್‌ಡಿ ತಿರುಗಿಸಿ ಕೂಡಿಸಿದ ಹಾಗೆ. ರೆಕ್ಕೆಗೆ ಗಾಳಿ ಹೇಗೆ ಸಿಕ್ಕರೂ ಕನ್ವರ್ಟರ್ ಅದನ್ನು ಮೊದಲು ಡಿಸಿ ಮಾಡಿ, ಮತ್ತೆ 50 ಹರ್ಟ್ಸ್ ಎಸಿ ಮಾಡಿ ಹೊರಗೆ ಕಳಿಸುತ್ತದೆ. ಇನ್ನೊಂದು ಜಾತಿ ಇದೆ, ಸ್ಲಿಪ್ ರಿಂಗ್ ಮೋಟಾರಿನ ತಮ್ಮ. ಅದರ ಸ್ಟೇಟರ್ (ತಿರುಗದ ಭಾಗ) ನೇರ ಗ್ರಿಡ್‌ಗೆ, ರೋಟರ್ ಮಾತ್ರ ಕನ್ವರ್ಟರ್ ಮೂಲಕ. ಕನ್ವರ್ಟರ್ ಸಣ್ಣದು, ಒಟ್ಟು ಶಕ್ತಿಯ ಮೂರನೇ ಒಂದು ಪಾಲಿನಷ್ಟು. ಆದರೂ ಲಗಾಮು ಅದರ ಕೈಯಲ್ಲೇ. ಫ್ರೀಕ್ವೆನ್ಸಿ ಇಳಿದರೂ ಜನರೇಟರ್ ಜಗ್ಗದ ಹಾಗೆ ನೋಡಿಕೊಳ್ಳುತ್ತದೆ.

ತಮಾಷೆ ಅಂದರೆ ಹಳೇ ಕಾಲದ 250 ಕಿಲೋವಾಟ್ ಫ್ಯಾನ್‌ಗಳಿಗೆ ಈ ರೋಗ ಇರಲಿಲ್ಲ. ಒಳಗಿದ್ದದ್ದು ನಿಮ್ಮ ಅಂಗಡಿಗೆ ಬರುವಂಥದ್ದೇ ಇಂಡಕ್ಷನ್ ಮೋಟಾರ್, ಸ್ವಲ್ಪ ದೊಡ್ಡದು. ನೇರ ಗ್ರಿಡ್‌ಗೆ ಕಟ್ಟಿದ್ದರು. ಗ್ರಿಡ್ ಜಗ್ಗಿದರೆ ರೆಕ್ಕೆಯೂ ಜಗ್ಗುತ್ತಿತ್ತು, ತನ್ನಲ್ಲಿದ್ದ ಶಕ್ತಿ ಬಿಟ್ಟುಕೊಡುತ್ತಿತ್ತು. ಆದರೆ ಅವು ರಿಯಾಕ್ಟಿವ್ ಪವರ್ (ಕೆಲಸ ಮಾಡದೆ ಲೈನಿನಲ್ಲಿ ಹೋಗಿಬರುತ್ತಾ ವೋಲ್ಟೇಜ್ ಏರಿಳಿಸುವ ಶಕ್ತಿ) ಕುಡಿಯುತ್ತಿದ್ದವು, ಪಕ್ಕದಲ್ಲಿ ಕೆಪ್ಯಾಸಿಟರ್ ಬ್ಯಾಂಕ್ ಇಡಬೇಕಿತ್ತು. ವೋಲ್ಟೇಜ್ ಸ್ವಲ್ಪ ಕುಸಿದರೂ ಬಿಟ್ಟು ಓಡುತ್ತಿದ್ದವು.

ಈಗ ನಿಮ್ಮ ಅಳಿಯನ ಮಾತಿಗೆ ಬರೋಣ. ಕನ್ವರ್ಟರ್ ತೂಕ ಮರೆಮಾಡುತ್ತದೆ ಅಂದರೆ, ಬೇಕಾದಾಗ ತೋರಿಸು ಅಂತ ಅದಕ್ಕೆ ಪ್ರೋಗ್ರಾಮ್ ಹಾಕಬಹುದು. ಫ್ರೀಕ್ವೆನ್ಸಿ ಧಡ್ ಅಂತ ಇಳಿಯುತ್ತಿದೆ ಅಂತ ಗೊತ್ತಾದ ಕೂಡಲೇ ಜನರೇಟರ್‌ನಿಂದ ಗಾಳಿ ಕೊಡುವುದಕ್ಕಿಂತ ಜಾಸ್ತಿ ಕರೆಂಟ್ ಎಳೆ ಅನ್ನಬಹುದು. ಆ ಹೆಚ್ಚಿನ ಕರೆಂಟ್ ಬರುವುದು ರೆಕ್ಕೆಯ ವೇಗದಿಂದ. ಕೆನಡಾದ ಕ್ವಿಬೆಕ್‌ನಲ್ಲಿ ದೊಡ್ಡ ಗಾಳಿ ಫಾರ್ಮ್‌ಗಳು ಇದನ್ನು ಮಾಡಲೇಬೇಕು ಅಂತ 2000ರ ದಶಕದಲ್ಲೇ ನಿಯಮ ತಂದರು.

ಆದರೆ ಇದು ದಾನ ಅಲ್ಲ, ಕೈಗಡ. ಹತ್ತು ಸೆಕೆಂಡ್ ಜಾಸ್ತಿ ಎಳೆದರೆ ರೆಕ್ಕೆ ನಿಧಾನವಾಗುತ್ತದೆ. ಮತ್ತೆ ವೇಗ ಹಿಡಿಯಬೇಕಾದರೆ ಗಾಳಿಯ ಶಕ್ತಿಯನ್ನು ತನಗೇ ಇಟ್ಟುಕೊಳ್ಳಬೇಕು. ಆಗ ಹೊರಗೆ ಹೋಗುವ ಕರೆಂಟ್ ಕಡಿಮೆಯಾಗುತ್ತದೆ. ಎಲ್ಲ ಫ್ಯಾನ್‌ಗಳೂ ಒಂದೇ ಹೊತ್ತಿಗೆ ಕೈಗಡ ಕೊಟ್ಟು ಒಂದೇ ಹೊತ್ತಿಗೆ ವಾಪಸ್ ಕೇಳಿದರೆ ಗ್ರಿಡ್ ಎರಡನೇ ಸಲ ಕುಸಿಯುತ್ತದೆ. ಅಷ್ಟರಲ್ಲಿ ಶರಾವತಿಯದೋ ಆಲಮಟ್ಟಿಯದೋ ನೀರು ಗೇಟ್ ದಾಟಿ ಬಂದು ನಿಲ್ಲಬೇಕು. ಫ್ಯಾನ್ ಕೊಡುವುದು ಆ ನಡುವಿನ ಉಸಿರು.

ಇನ್ನೊಂದು ದಾರಿ ಮೊದಲೇ ಸ್ವಲ್ಪ ಹಿಡಿದಿಟ್ಟುಕೊಳ್ಳುವುದು. ರೆಕ್ಕೆಯನ್ನು ಒಂದೆರಡು ಡಿಗ್ರಿ ಹೊರಳಿಸಿ ಗಾಳಿ ಸೋರಿಹೋಗಲು ಬಿಟ್ಟರೆ 100 ಬರುವ ಕಡೆ 90 ಬರುತ್ತದೆ. ಉಳಿದ 10 ಜೇಬಿನಲ್ಲಿ. ಫ್ರೀಕ್ವೆನ್ಸಿ ಬಿದ್ದಾಗ ರೆಕ್ಕೆ ತಿರುಗಿಸಿ ಅದನ್ನೂ ಕೊಡಬಹುದು, ಗಾಳಿ ಇರುವಷ್ಟು ಹೊತ್ತು. ಇದು ಕೈಗಡ ಅಲ್ಲ, ಉಳಿತಾಯ.

ತೊಗರಿಹೊಲ (ಯಾದಗಿರಿ)

ಕೇಳಕ್ಕೆ ಚೆನ್ನಾಗಿದೆ. ಆದರೆ ನಾನು ಬಸ್ಸಿನಲ್ಲಿ ಓಡಾಡುವಾಗ ನೋಡುತ್ತೇನೆ, ಎಳ್ಳಮಾವಾಸ್ಯೆ ಹೊತ್ತಿಗೆ ಅರ್ಧ ಫ್ಯಾನ್ ನಿಂತೇ ಇರುತ್ತವೆ. ಹೊಲದಲ್ಲಿ ಭಜ್ಜಿ, ಸಜ್ಜೆ ರೊಟ್ಟಿ ತಿನ್ನುತ್ತಾ ಕೂತರೆ ತೊಗರಿ ಎಲೆ ಕೂಡ ಅಲ್ಲಾಡುವುದಿಲ್ಲ. ನಿಂತ ಫ್ಯಾನ್ ಯಾರಿಗೆ ಆಸರೆ? ಆಷಾಢ ಶ್ರಾವಣದಲ್ಲಿ ಬೇಡ ಅಂದರೂ ತಿರುಗುತ್ತವೆ, ಆಗ ನಮ್ಮ ಪಂಪೇ ಬಂದ್ ಇರುತ್ತದೆ.

ಇನ್ನೊಂದು. ಹಿಡಿದಿಟ್ಟುಕೊಳ್ಳುವುದು ಅಂದಿರಲ್ಲ, ಯೂನಿಟ್ ಲೆಕ್ಕದಲ್ಲಿ ದುಡ್ಡು ಎಣಿಸುವ ಮಾಲೀಕ ನೂರಕ್ಕೆ ಹತ್ತು ಗಾಳಿಗೆ ತೂರುತ್ತಾನಾ? ನಾನಾದರೆ ತೂರಲ್ಲ.

ಗಾಳಿಗೋಪುರ (ಆಳಂದ)

ಮಾಲೀಕ ತೂರಲ್ಲ, ನಿಜ. ಅದೇ ಇದರ ಗಂಟು. ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮ 2019ರಲ್ಲಿ ತಿದ್ದುಪಡಿ ಆಯಿತು. 33 ಕೆವಿ ಅಥವಾ ಅದಕ್ಕಿಂತ ಮೇಲಿನ ಲೈನಿಗೆ ಸೇರುವ, 10 ಮೆಗಾವಾಟ್ ಮೀರಿದ ಹೊಸ ಗಾಳಿ, ಸೋಲಾರ್ ಘಟಕಗಳಿಗೆ ಫ್ರೀಕ್ವೆನ್ಸಿ ನೋಡಿ ಏರಿಳಿಯುವ ಸೌಲಭ್ಯ ಇರಲೇಬೇಕು. 0.3 ಹರ್ಟ್ಸ್‌ಗಿಂತ ಜಾಸ್ತಿ ವ್ಯತ್ಯಾಸವಾದರೆ ಒಂದು ಸೆಕೆಂಡಿನೊಳಗೆ ಕನಿಷ್ಠ ನೂರಕ್ಕೆ ಹತ್ತರಷ್ಟು ಶಕ್ತಿ ಬದಲಾಯಿಸುವ ತಾಕತ್ತು ಬೇಕು. ಎರಡು ಮೆಗಾವಾಟ್ ಫ್ಯಾನ್ ಅಂದರೆ 200 ಕಿಲೋವಾಟ್, ಕಣ್ಣು ಮಿಟುಕಿಸುವಷ್ಟರಲ್ಲಿ. ಫ್ರೀಕ್ವೆನ್ಸಿ ಏರಿದಾಗ ಇಳಿಸುವುದು ಸುಲಭ, ರೆಕ್ಕೆ ಹೊರಳಿಸಿದರೆ ಆಯಿತು. ಇಳಿದಾಗ ಏರಿಸಬೇಕಾದರೆ ಜೇಬಿನಲ್ಲಿ ಏನಾದರೂ ಇರಬೇಕಲ್ಲ. ಸೌಲಭ್ಯ ಇಡುವುದು ಒಂದು, ಜೇಬು ತುಂಬಿಡುವುದು ಇನ್ನೊಂದು. ಆ ಹತ್ತು ಯೂನಿಟ್‌ಗೆ ದುಡ್ಡು ಕೊಟ್ಟರೆ ಯಾರು ಬೇಡ ಅಂತಾರೆ? ಕೊಡದೆ ಕೇಳಿದರೆ ಯಾರೂ ಇಡಲ್ಲ. ಇದು ನನ್ನ ಸ್ವಂತ ಅಭಿಪ್ರಾಯ, ಕಂಪನಿಯದಲ್ಲ.

ನಿಂತ ಫ್ಯಾನ್ ದಂಡ ಅಂದಿರಿ. ಪೂರ್ತಿ ದಂಡ ಅಲ್ಲ. ರೆಕ್ಕೆ ನಿಂತಿದ್ದರೂ ಕನ್ವರ್ಟರ್ ಎಚ್ಚರ ಇರಬಹುದು. ಆ ಸೌಲಭ್ಯ ಇರುವ ಮಾಡೆಲ್‌ಗಳು ಗಾಳಿ ಸೊನ್ನೆ ಇದ್ದಾಗಲೂ ರಿಯಾಕ್ಟಿವ್ ಪವರ್ ಕೊಟ್ಟು, ತೆಗೆದುಕೊಂಡು ವೋಲ್ಟೇಜ್ ಹಿಡಿಯುತ್ತವೆ. ಎಳ್ಳಮಾವಾಸ್ಯೆ ದಿನವೂ ಅಷ್ಟು ಕೆಲಸ ಆಗುತ್ತದೆ.

ಇಷ್ಟೆಲ್ಲ ಹೇಳಿದೆ. ಆದರೆ ನಾನು ಕಣ್ಣಾರೆ ಕಂಡ ದೊಡ್ಡ ಬದಲಾವಣೆ ಈ ತೂಕದ ವಿಷಯ ಅಲ್ಲವೇ ಅಲ್ಲ. ಬಿಟ್ಟು ಓಡದೆ ನಿಲ್ಲುವುದು. ಹಳೇ ಸೈಟಿನಲ್ಲಿ ಇದ್ದಾಗ ಮುಂಗಾರಿನ ಮೊದಲ ಗುಡುಗು ಅಂದರೆ ನನಗೆ ಹೊಟ್ಟೆ ಕಿವುಚುತ್ತಿತ್ತು. ದೂರದಲ್ಲಿ ಲೈನಿಗೆ ಸಿಡಿಲು ಹೊಡೆಯುತ್ತದೆ. ಕಂಟ್ರೋಲ್ ರೂಮಿನ ಟ್ಯೂಬ್‌ಲೈಟ್ ಒಮ್ಮೆ ಪಿಳಕ್ ಅನ್ನುತ್ತದೆ. ತಿರುಗಿ ಸ್ಕ್ರೀನ್ ನೋಡಿದರೆ ಹಸಿರಿದ್ದ ಫ್ಯಾನ್‌ಗಳೆಲ್ಲ ಕೆಂಪು. ಗಾಳಿ ಜೋರಿದೆ, ರೆಕ್ಕೆ ಗಾಳಿಗೆ ಅಂಚು ಕೊಟ್ಟು ನಿಂತಿದೆ. ಕೆಲವನ್ನು ಸ್ಕ್ರೀನಿನಿಂದಲೇ ರಿಸೆಟ್ ಮಾಡಬಹುದು. ಕೆಲವಕ್ಕೆ ಕೆಸರಿನಲ್ಲಿ ಜೀಪ್ ತಳ್ಳಿಕೊಂಡು ಬುಡಕ್ಕೇ ಹೋಗಬೇಕು. ಒಂದು ರಾತ್ರಿ ಹೀಗೆ ಒಂಬತ್ತು ಫ್ಯಾನ್ ಸುತ್ತಿ, ಹತ್ತನೆಯದರ ಬಾಗಿಲಲ್ಲೇ ಕೂತು ನಿದ್ದೆ ಹೋಗಿದ್ದೆ. ಗ್ರಿಡ್‌ಗೆ ಕರೆಂಟ್ ತುಂಬಾ ಬೇಕಿದ್ದ ಗಳಿಗೆಯಲ್ಲೇ ನಾವು ಕೈಕೊಟ್ಟಿದ್ದೆವು.

ಹೊಸ ಫ್ಯಾನ್ ಹಾಗಲ್ಲ. ವೋಲ್ಟೇಜ್ ನೂರಕ್ಕೆ 15ಕ್ಕೆ ಬಿದ್ದರೂ 300 ಮಿಲಿಸೆಕೆಂಡ್ ಹಲ್ಲು ಕಚ್ಚಿ ನಿಲ್ಲಬೇಕು ಅಂತ ನಿಯಮ. ಅಷ್ಟರೊಳಗೆ ರಿಲೇ ಕೆಟ್ಟ ಲೈನನ್ನು ಕತ್ತರಿಸಿರುತ್ತದೆ. ಈಗ ಟ್ಯೂಬ್‌ಲೈಟ್ ಪಿಳಕ್ ಅಂದರೆ ನಾನು ಸ್ಕ್ರೀನ್ ನೋಡುತ್ತೇನೆ, ಹಸಿರು ಹಸಿರಾಗೇ ಇರುತ್ತದೆ. ಚಹಾ ಮುಗಿಸುತ್ತೇನೆ.

ದಕ್ಷಿಣ ಆಸ್ಟ್ರೇಲಿಯಾದಲ್ಲಿ 2016ರ ಸೆಪ್ಟೆಂಬರ್ 28ರಂದು ಇಡೀ ರಾಜ್ಯ ಕತ್ತಲಾಯಿತಲ್ಲ, ಅದರಲ್ಲೂ ಇದೇ ಕತೆ. ಬಿರುಗಾಳಿಗೆ ಟವರ್‌ಗಳು ಬಿದ್ದವು. ಎರಡು ನಿಮಿಷದಲ್ಲಿ ಆರು ಸಲ ವೋಲ್ಟೇಜ್ ಕುಸಿಯಿತು. ಇಷ್ಟು ಸಲ ಕುಸಿದರೆ ಸಾಕು, ಕೈಬಿಡು ಅಂತ ಕೆಲವು ಫ್ಯಾನ್‌ಗಳ ಒಳಗೆ ಲೆಕ್ಕ ಇಟ್ಟಿದ್ದರು. ಆ ಲೆಕ್ಕ ತುಂಬಿತು, 456 ಮೆಗಾವಾಟ್ ಕೆಲವೇ ಸೆಕೆಂಡಿನಲ್ಲಿ ಮಾಯ. ಪಕ್ಕದ ರಾಜ್ಯದಿಂದ ಬರುವ ಲೈನ್ ಮೇಲೆ ಭಾರ ಬಿದ್ದು ಅದೂ ಟ್ರಿಪ್. ಗಾಳಿ ಕಡಿಮೆ ಆಗಿ ಆದದ್ದಲ್ಲ. ಸೆಟ್ಟಿಂಗ್! ಆಮೇಲೆ ಆ ಸಂಖ್ಯೆ ಬದಲಿಸಿದರು.

ನಿವೃತ್ತ ಆಪರೇಟರ್ (ಬೀದರ್)

ನಾನು ಸಬ್‌ಸ್ಟೇಷನ್ ಪಾಳಿಯಲ್ಲಿ ಮೂವತ್ತು ವರ್ಷ ಕಳೆದವನು. ಎರಡು ಮಾತು ಸೇರಿಸುತ್ತೇನೆ.

ಸುರುಳಿತಂತಿಯವರೇ, ನೀವು ಕಂಡ 48.5 ನಿಜ. 2003ರ ಜನವರಿ 1ರಂದು ದಕ್ಷಿಣಕ್ಕೆ ಹೊಸ ದರ ಪದ್ಧತಿ ಬಂತು, ಎಬಿಟಿ ಅಂತ. ಫ್ರೀಕ್ವೆನ್ಸಿ ಇಳಿದಿರುವಾಗ ತನ್ನ ಪಾಲಿಗಿಂತ ಜಾಸ್ತಿ ಎಳೆದ ರಾಜ್ಯಕ್ಕೆ ಜಾಸ್ತಿ ರೇಟ್. ಜೇಬಿಗೆ ಬಿಸಿ ತಟ್ಟಿದ ಮೇಲೆ ಎಲ್ಲರಿಗೂ ಶಿಸ್ತು ಬಂತು. ಈಗ 49.90ರಿಂದ 50.05ರ ಒಳಗೆ ಇಡಬೇಕು.

ಆಗ ನಮ್ಮ 50 ಬೇರೆ, ಉತ್ತರದವರ 50 ಬೇರೆ. ನಡುವೆ ತಾಲ್ಚೇರ್-ಕೋಲಾರದಂಥ ಡಿಸಿ ಸಂಪರ್ಕ ಮಾತ್ರ ಇತ್ತು, ಅದು ಕರೆಂಟ್ ದಾಟಿಸುತ್ತದೆ, ಫ್ರೀಕ್ವೆನ್ಸಿ ದಾಟಿಸುವುದಿಲ್ಲ. ಅದಕ್ಕೇ 2012ರ ಜುಲೈ 30, 31ರಂದು ಉತ್ತರ ಭಾರತ ಕತ್ತಲಾದಾಗ ನಮ್ಮಲ್ಲಿ ದೀಪ ಆರಲಿಲ್ಲ. ಎರಡನೇ ದಿನ 60 ಕೋಟಿಗೂ ಹೆಚ್ಚು ಜನರಿಗೆ ಕರೆಂಟ್ ಇರಲಿಲ್ಲ. ನಾನು ಪಾಳಿಯಲ್ಲಿ ಕೂತು ರೇಡಿಯೋದಲ್ಲಿ ಕೇಳಿದೆ. 2013ರ ಡಿಸೆಂಬರ್ 31ಕ್ಕೆ ರಾಯಚೂರು-ಸೋಲಾಪುರ 765 ಕೆವಿ ಲೈನ್ ಚಾಲೂ ಆಗಿ ಇಡೀ ದೇಶ ಒಂದೇ ಗ್ರಿಡ್ ಆಯಿತು. ರಾಯಚೂರಿನಿಂದ ಸೋಲಾಪುರಕ್ಕೆ ರೈಲಿನಲ್ಲಿ ಹೋದರೆ ಯಾದಗಿರಿ, ವಾಡಿ, ಕಲಬುರಗಿ ದಾಟಿಯೇ ಹೋಗುತ್ತೀರಿ. ದೇಶವನ್ನು ಹೊಲಿದ ದಾರ ನಮ್ಮ ಕಡೆಯದು ಅನ್ನಿ. ಅವತ್ತಿನಿಂದ ಕಲಬುರಗಿಯ 50, ಕಾಶ್ಮೀರದ 50 ಒಂದೇ. ಆಳಂದದ ನಾಲ್ಕು ಫ್ಯಾನ್ ಅದನ್ನು ಅಲ್ಲಾಡಿಸಲಾರವು.

ವೋಲ್ಟೇಜ್ ಮಾತ್ರ ಊರ ವಿಷಯ. ಗಾಳಿಗೋಪುರದವರು ಅದನ್ನು ಒಂದೇ ಸಾಲಿನಲ್ಲಿ ಮುಗಿಸಿದರು, ನನಗೆ ಅದೇ ಮುಖ್ಯ. ಜನ ಕರೆಂಟ್ ಕಡಿಮೆಯಾದರೆ ಭಯ ಬೀಳುತ್ತಾರೆ. ನಾವು ನಡುರಾತ್ರಿ ಹೊರೆ ಇಳಿದಾಗ ಭಯ ಬೀಳುತ್ತಿದ್ದೆವು. ಉದ್ದದ ಲೈನ್ ಖಾಲಿ ಇದ್ದರೆ ವೋಲ್ಟೇಜ್ ತಾನೇ ಏರುತ್ತದೆ, ಹಾಲು ಉಕ್ಕಿದ ಹಾಗೆ. ರಿಯಾಕ್ಟರ್ ಅನ್ನುವ ದೊಡ್ಡ ಸುರುಳಿ ಹಾಕಿ ಇಳಿಸಬೇಕು. 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್ ಕತ್ತಲಾದದ್ದು ವೋಲ್ಟೇಜ್ ಉಕ್ಕಿಯೇ. ಅಲ್ಲಿನ ಗಾಳಿ, ಸೋಲಾರ್ ಘಟಕಗಳಲ್ಲಿ ಬಹಳಷ್ಟು ಪವರ್ ಫ್ಯಾಕ್ಟರ್ (ಕೊಡುವ ಕರೆಂಟಿಗೆ ರಿಯಾಕ್ಟಿವ್ ಪವರ್ ಎಷ್ಟು ಅನ್ನುವ ಲೆಕ್ಕ) ಒಂದೇ ಕಡೆ ಕಟ್ಟಿಟ್ಟು ಓಡುತ್ತಿದ್ದವು. ವೋಲ್ಟೇಜ್ ಇಳಿಸುವ ಕೈ ಇದ್ದರೂ ಕೈ ಕಟ್ಟಿಕೊಂಡು ನಿಂತ ಹಾಗೆ.

ಸುರುಳಿತಂತಿ (ಕಲಬುರಗಿ)

ಎಲ್ಲರಿಗೂ ಧನ್ಯವಾದ. ಅಳಿಯನಿಗೆ ಓದಿ ಹೇಳಿದೆ. "ನಾ ಹೇಳಿರ್ಲಿಲ್ಲಾ" ಅಂತ ಒಂದು ವಾರ ತಲೆ ತಿಂದ.

ವಿಎಫ್‌ಡಿ ಮಾತು ಮಾತ್ರ ಕೊರೆಯುತ್ತಾ ಇದೆ. ನಾನೇ ಈ ನಾಲ್ಕು ವರ್ಷದಲ್ಲಿ ಮಿಲ್‌ಗಳಿಗೆ ಹೇಳಿ ಹೇಳಿ ವಿಎಫ್‌ಡಿ ಹಾಕಿಸಿದ್ದೇನೆ. ಬಿಲ್ ಕಡಿಮೆ ಬರುತ್ತದೆ, ಸ್ಟಾರ್ಟಿಂಗ್ ಜಗ್ಗಾಟ ಇಲ್ಲ. ಆದರೆ ಮೊದಲು ನೇರ ಕಟ್ಟಿದ ಮೋಟಾರ್, ಅದರ ಕಲ್ಲು, ಪುಲ್ಲಿ ಎಲ್ಲ ಸೇರಿ ಗ್ರಿಡ್‌ಗೆ ಫ್ಲೈವೀಲೇ ಆಗಿದ್ದವು ಅಲ್ವಾ? ಫ್ರೀಕ್ವೆನ್ಸಿ ಇಳಿದರೆ ಅವೂ ನಿಧಾನವಾಗಿ ಹೊರೆ ಇಳಿಸುತ್ತಿದ್ದವು. ಈಗ ಅವನ್ನೂ ನಾನೇ ಪೆಟ್ಟಿಗೆ ಹಿಂದೆ ಬಚ್ಚಿಟ್ಟೆ ಅನ್ನಿ.

ಇನ್ನೊಂದು ಕೇಳಬೇಕಿತ್ತು. ಇಷ್ಟೆಲ್ಲ ಇರುವ ಗ್ರಿಡ್‌ಗೆ ಆಸರೆ ಕೊಡುವ ಮಾತು. ಗ್ರಿಡ್ಡೇ ಇಲ್ಲದಿದ್ದರೆ? ಪೂರ್ತಿ ಕತ್ತಲಾದ ಮೇಲೆ ಫ್ಯಾನ್ ತಾನಾಗಿ ಎದ್ದು ನಿಲ್ಲುತ್ತದಾ?

ಗಾಳಿಗೋಪುರ (ಆಳಂದ)

ಹೌದು, ನಿಮ್ಮ ಮಿಲ್‌ಗಳೂ ಅಷ್ಟರ ಮಟ್ಟಿಗೆ ಗ್ರಿಡ್ ಕಾಯುತ್ತಿದ್ದವು. ಬೇಜಾರು ಮಾಡಿಕೊಳ್ಳಬೇಡಿ, ಬಿಲ್ ಕಟ್ಟುವವರು ಅವರು.

ನಮ್ಮ ಫ್ಯಾನ್‌ಗಳು ಎದ್ದು ನಿಲ್ಲಲ್ಲ. ಅವು ಗ್ರಿಡ್‌ನ ತಾಳ ಕೇಳಿ ಹೆಜ್ಜೆ ಹಾಕುವವು, ತಾಳ ನಿಂತರೆ ಅವೂ ನಿಲ್ಲುತ್ತವೆ. ತಾಳ ತಾವೇ ಹಾಕುವ ಕನ್ವರ್ಟರ್‌ಗೆ ಗ್ರಿಡ್ ಫಾರ್ಮಿಂಗ್ ಅಂತಾರೆ. ಸ್ಕಾಟ್ಲೆಂಡಿನ ಡರ್ಸಲೋಖ್ ಅನ್ನುವ 69 ಮೆಗಾವಾಟ್ ಫಾರ್ಮ್‌ನಲ್ಲಿ 2019ರಲ್ಲಿ ಹಾಗೆ ಓಡಿಸಿ ನೋಡಿದರು. 2020ರಲ್ಲಿ ಸತ್ತ ಲೈನಿಗೆ ಫ್ಯಾನಿನಿಂದಲೇ ಜೀವ ಕೊಟ್ಟು ತೋರಿಸಿದರು. ಆದರೆ ನಮ್ಮ ಕಡೆ ಕತ್ತಲಾದ ರಾತ್ರಿ ಗಾಳಿ ಇರಬೇಕಲ್ಲ, ತೊಗರಿಹೊಲದವರ ಮಾತು ಅಲ್ಲಿ ಸರಿ. ಆ ಕೆಲಸಕ್ಕೆ ನೀರೇ ಭರವಸೆ.

ತೊಗರಿಹೊಲ (ಯಾದಗಿರಿ)

ಒಂದು ಸಲವಾದರೂ ಸರಿ ಅಂದಿರಲ್ಲ. ಆ ಪಂಪಿನ ರೈತರಿಗೆ ಏನು ಹೇಳಿದಿರಿ?

ಸುರುಳಿತಂತಿ (ಕಲಬುರಗಿ)

ಹೇಳಿದೆ ರೀ. ಕಪ್ಪಾದ ಸುರುಳಿ, ಹೊಳೆಯುವ ಸುರುಳಿ ಎರಡನ್ನೂ ಕೈಯಲ್ಲಿ ಕೊಟ್ಟು ತೋರಿಸಿದೆ. ಮುಂದೆ ಹೀಗಾಗದ ಹಾಗೆ ಸ್ಟಾರ್ಟರ್‌ಗೆ ಒಂದು ಫೇಸ್ ಹೋದರೆ ಮೋಟಾರ್ ನಿಲ್ಲಿಸುವ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಹಾಕಿಕೊಟ್ಟೆ. ದುಡ್ಡು ಎಣಿಸಿ ಕೊಟ್ಟು, ಟಂಟಂ ಹತ್ತುವಾಗ "ಆದ್ರೂ ಫ್ಯಾನ್ ಬಂದ ಮ್ಯಾಲೇ ಸುಟ್ಟದ್ದು" ಅಂದರು.

ಅಂದ ಹಾಗೆ ಅಟ್ಟದ ಮೇಲಿಂದ ಅಪ್ಪನ ಹಳೇ ಪಟ್ಟಿ ಮೀಟರ್ ಇಳಿಸಿ ಅಂಗಡಿಯಲ್ಲಿ ಕಟ್ಟಿದ್ದೇನೆ. 50ರ ಪಟ್ಟಿ ಒಂದೇ ನಡುಗುತ್ತದೆ, ಬೆಳಿಗ್ಗೆಯಿಂದ ಸಂಜೆವರೆಗೆ ಅದೊಂದೇ. ಗಾಜು ಒಡೆದಿದೆ, ಧೂಳು ಹೋಗುತ್ತದೆ. ಗಂಜ್‌ನಲ್ಲೆಲ್ಲ ಕೇಳಿದೆ, ಸಿಗಲಿಲ್ಲ. ಯಾರ ಹತ್ತಿರವಾದರೂ ಕೆಟ್ಟುಹೋದ ಅಂಥ ಮೀಟರ್ ಇದ್ದರೆ, ಗಾಜು ಚೆನ್ನಾಗಿದ್ದರೆ, ಇಲ್ಲೇ ತಿಳಿಸಿ.